ಗುರುಬಸಮ್ಮನ ಕೈತುತ್ತು

ಮಗಳ ಬಾಯಿಗೆ ತುತ್ತು ಹೋಗುವಾಗಲೆಲ್ಲ ಗುರುಬಸಮ್ಮನ ಬಾಯಿಯೂ ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಮಗಳು ಅಗಿದರೆ ಇವಳ ದವಡೆಯೂ ಆಡುವುದು, ಮಗಳು ನುಂಗಿದರೆ ಇವಳ ಮುಖದಲ್ಲೂ ತೃಪ್ತಿ ಇಳಿಯುವುದು. ಉಣ್ಣುತ್ತಿರುವವರು ಯಾರು, ಉಣಿಸುತ್ತಿರುವವರು ಯಾರು ಎಂದು ಹೊಸಬರಿಗೆ ಸಂದೇಹ ಬರಬೇಕು, ಹಾಗೆ. ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯಲ್ಲಿ, ಒಂದು ಕಾಲಕ್ಕೆ ಶೇಂಗಾ ಚೀಲ ಒಟ್ಟುತ್ತಿದ್ದ ಗೋದಾಮಿನೊಳಗೆ ಹೊಸದಾಗಿ ಹುಟ್ಟಿಕೊಂಡಿದ್ದ ಇಂಗ್ಲಿಷ್ ಶಾಲೆಯ ಗೇಟಿನ ಹತ್ತಿರ, ತೊಂಬತ್ತರ ದಶಕದ ನಡುಗಾಲದಲ್ಲಿ, ಈ ದೃಶ್ಯವನ್ನು ನಾನು ಎಷ್ಟೋ ಮಧ್ಯಾಹ್ನ ನಿಂತು ನೋಡಿದ್ದೇನೆ.

ಆಕೆಯದು ಸ್ಥೂಲಕಾಯ. ಬೆಳಗಿನಲ್ಲಿ ಬಚ್ಚಲಿನಿಂದ ಪಡಸಾಲೆಗೆ ಬರಲು ಎರಡು ಕಡೆ ಗೋಡೆ ಹಿಡಿದು ನಿಲ್ಲುವ ಹೆಂಗಸು, ಮಧ್ಯಾಹ್ನ ಬುತ್ತಿಯ ಡಬ್ಬಿ ಕೈಗೆ ಬಂದೊಡನೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯ ಸದ್ದು ಓಣಿಯ ಕೊನೆಯವರೆಗೆ ಕೇಳುವಂತೆ ನಡೆದುಬಿಡುತ್ತಿದ್ದಳು. ಗಂಡ ಸೋಮಶೇಖರನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಬೀಜ-ಗೊಬ್ಬರದ ಅಂಗಡಿ. ಮದುವೆಯಾಗಿ ಬಹಳ ವರ್ಷ ಮಕ್ಕಳಿಲ್ಲದೆ, ಹರಕೆ ಹೊತ್ತು ಹೊತ್ತು ದೇವರಿಗೇ ಬೇಸರ ಬಂದ ಮೇಲೆ ಹುಟ್ಟಿದವಳು ಅರ್ಚನಾ. ಹೀಗಾಗಿ ಆ ಮಗುವಿನ ಮೇಲೆ ಗುರುಬಸಮ್ಮನಿಗೆ ಇದ್ದದ್ದು ವಾತ್ಸಲ್ಯ ಎನ್ನುವುದಕ್ಕಿಂತ ಏಕಸ್ವಾಮ್ಯ ಎನ್ನುವುದೇ ಸರಿ. ಅಜ್ಜಿ ಎತ್ತಿಕೊಂಡರೆ ಮಗುವಿಗೆ ಸೆಕೆಯಾಗುತ್ತದೆ, ಅಪ್ಪ ಎತ್ತಿಕೊಂಡರೆ ಗೊಬ್ಬರದ ವಾಸನೆ ಬಡಿಯುತ್ತದೆ, ನೆರೆಯವರು ಎತ್ತಿಕೊಂಡರೆ ದೃಷ್ಟಿಯಾಗುತ್ತದೆ. ಹೊಟ್ಟೆಯೊಳಗೆ ಕಿಚ್ಚು ಎದ್ದಾಗಲೆಲ್ಲ ಆಕೆಯ ಬಾಯಿಂದ ಒಂದೇ ಪೀಠಿಕೆ ಬರುತ್ತಿತ್ತು: “ನನಗೇನು ಹೊಟ್ಟಿಕಿಚ್ಚಿಲ್ಲರಿ, ಸುಮ್ನ ಹೇಳ್ತೀನಿ.” ಈ ಪೀಠಿಕೆ ಕೇಳಿದ ಕೂಡಲೆ ನಮ್ಮ ಓಣಿಯವರು ಮುಂದಿನ ಅಧ್ಯಾಯಕ್ಕೆ ಸಿದ್ಧರಾಗಿ ಕೂತುಬಿಡುತ್ತಿದ್ದರು.

ಶಾಲೆ ಚಿಕ್ಕದಿದ್ದಾಗ ಊಟದ ಹೊತ್ತಿನ ಪದ್ಧತಿಯೊಂದು ತಾನಾಗಿಯೇ ಬೆಳೆದಿತ್ತು. ಗಂಟೆ ಬಾರಿಸಿದೊಡನೆ ತಾಯಂದಿರು ಬಿಸಿ ಬುತ್ತಿ ಹಿಡಿದು ಗೇಟಿಗೆ ಬರುವರು, ಒಳಗಿನ ಬೇವಿನ ಮರದ ನೆರಳಲ್ಲಿ ತಂತಮ್ಮ ಮಕ್ಕಳನ್ನು ಕೂರಿಸಿಕೊಂಡು ಕೈತುತ್ತು ಹಾಕುವರು. ಅನ್ನ-ಮೊಸರು, ಹಾಲಿನಲ್ಲಿ ಕಿವುಚಿದ ರೊಟ್ಟಿ, ನಡುನಡುವೆ ಯಾರ ಮಗ ಇಂಗ್ಲಿಷಿನಲ್ಲಿ ಏನು ಅಂದ ಎಂಬ ವರದಿ. ಪ್ರತಿ ತಾಯಿಯ ಕಣ್ಣೂ ಪಕ್ಕದ ಡಬ್ಬಿಯ ಮೇಲೆ. ಆ ನೆರಳಿನಲ್ಲಿ ಗುರುಬಸಮ್ಮನದೇ ಗತ್ತು. ಅವಳಷ್ಟು ನುಣ್ಣಗೆ ಕಲಸುವವರೂ ಇರಲಿಲ್ಲ, ಅವಳ ಮಗಳಷ್ಟು ಸೊಂಪಾಗಿ ಬಾಯಿ ತೆರೆಯುವ ಮಗುವೂ ಇರಲಿಲ್ಲ.

ನೋಡನೋಡುತ್ತ ಶಾಲೆ ಬೆಳೆಯಿತು. ಗೋದಾಮಿನ ಬೆನ್ನಿಗೆ ತಗಡಿನ ಕೋಣೆಗಳು ಎದ್ದವು, ಸುತ್ತ ಕಾಂಪೌಂಡು ಬಂತು, ತಂಬ್ರಹಳ್ಳಿಯ ಕಡೆಯಿಂದ ಮಕ್ಕಳನ್ನು ತುಂಬಿಕೊಂಡು ಟೆಂಪೋ ಬರತೊಡಗಿತು. ಹೊರಗಿನ ಊರಿನ ಆ ಮಕ್ಕಳ ತಾಯಂದಿರು ಮಧ್ಯಾಹ್ನಕ್ಕೆ ಬರುವಂತಿರಲಿಲ್ಲ. ಅವು ಬೆಳಿಗ್ಗೆಯೇ ಕಟ್ಟಿಸಿಕೊಂಡು ಬಂದ ತಣ್ಣನೆಯ ಬುತ್ತಿ ಬಿಚ್ಚಿಕೊಂಡು, ಬೇವಿನ ಮರದ ಕಡೆ ನೋಡುತ್ತ, ತಿಂದೂ ತಿನ್ನದಂತೆ ಕೂರುತ್ತಿದ್ದವು. ಹೆಡ್‌ಮಾಸ್ತರ ಶಿವಯೋಗಪ್ಪನವರು ಸರ್ಕಾರಿ ಶಾಲೆಯಲ್ಲಿ ಆಯುಷ್ಯ ಸವೆಸಿ ಇಲ್ಲಿಗೆ ಬಂದವರು. ಮಾತು ಕಡಿಮೆ, ಕಣ್ಣು ಚುರುಕು. ಒಂದು ಶನಿವಾರ ತಾಯಂದಿರನ್ನೆಲ್ಲ ಕರೆಸಿ, ಸೋಮವಾರದಿಂದ ಊಟದ ಹೊತ್ತಿನಲ್ಲಿ ಗೇಟು ತೆಗೆಯುವುದಿಲ್ಲ ಎಂದು ಹೇಳಿಬಿಟ್ಟರು. ಮಕ್ಕಳೆಲ್ಲ ಸಾಲಾಗಿ ಕೂತು ತಾವೇ ಉಣ್ಣಬೇಕು, ಜೊತೆಗೆ ಮಿಸ್ ಇರುತ್ತಾರೆ.

“ನನಗೇನು ಹೊಟ್ಟಿಕಿಚ್ಚಿಲ್ಲರಿ ಸರ, ಸುಮ್ನ ಹೇಳ್ತೀನಿ,” ಎಂದು ಗುರುಬಸಮ್ಮ ಎದ್ದಳು. “ಟೆಂಪೋ ಹುಡುಗ್ರ ಅವ್ವ ಬರಲಿಲ್ಲಂದ್ರ ನಮ್ಮ ಹುಡುಗ್ರು ಯಾಕ ಉಪಾಸ ಬೀಳಬೇಕು?”

“ಹೊಟ್ಟಿಕಿಚ್ಚು ದೊಡ್ಡೋರಿಗಷ್ಟ ಇರೂದಿಲ್ಲಮ್ಮಾ,” ಅಂದರು ಶಿವಯೋಗಪ್ಪ. “ಆ ಹುಡುಗ್ರು ನಿಮ್ಮ ಕೈ ನೋಡಿಕೋಂತ ಉಣ್ತಾವ. ನನಗ ನೋಡಾಕ ಆಗವಲ್ದು.”

ಸೋಮವಾರ ಗೇಟು ಮುಚ್ಚಿತು. ಉಳಿದ ತಾಯಂದಿರು ಎರಡು ದಿನ ಗೊಣಗಿ, ಮೂರನೆಯ ದಿನ ಮಧ್ಯಾಹ್ನದ ನಿದ್ದೆಯ ಸುಖ ಕಂಡುಕೊಂಡರು. ಗುರುಬಸಮ್ಮನಿಗೆ ಆ ನಿದ್ದೆ ಹತ್ತಲಿಲ್ಲ. ಬುತ್ತಿಯನ್ನು ಬೆಳಿಗ್ಗೆಯೇ ಕಳಿಸಿಯಾಗಿರುತ್ತಿತ್ತು, ಆದರೂ ಆ ಹೊತ್ತಿಗೆ ಸರಿಯಾಗಿ ಕಾಲು ಸ್ಟೇಷನ್ ರಸ್ತೆಗೆ ತಾನೇ ಹೊರಡುವುದು. ಕಾಂಪೌಂಡಿನ ಹೊರಗೆ ನಿಂತರೆ ಒಳಗಿನದು ಕಾಣುವುದಿಲ್ಲ, ಕೇಳುತ್ತದೆ: ಮಕ್ಕಳ ಗದ್ದಲ, ಡಬ್ಬಿಗಳ ಸದ್ದು, ಅದರ ಮೇಲೆ ತೇಲಿ ಬರುವ ಒಂದು ಎಳೆಯ ಹೆಣ್ಣುದನಿ, ಆ ದನಿ ಏನೋ ಅಂದೊಡನೆ ಮಕ್ಕಳೆಲ್ಲ ಒಮ್ಮೆಲೇ ನಗುವುದು. ಆ ನಗುವಿನಲ್ಲಿ ತನ್ನ ಮಗಳ ನಗು ಯಾವುದೆಂದು ಆರಿಸಿ ತೆಗೆಯಬಲ್ಲ ಕಿವಿ ಆಕೆಗಿತ್ತು, ಅದೇ ಅವಳ ದುರ್ದೈವ.

ದನಿ ವಾಣಿಶ್ರೀ ಮಿಸ್ಸಿನದು. ಹರಪನಹಳ್ಳಿಯ ಹುಡುಗಿ, ಇಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಎರಡನೆಯ ತರಗತಿಗೆ ಪಾಠ ಹೇಳುತ್ತಿದ್ದಳು. ತೆಳ್ಳಗೆ ಗಾಳಿಗೆ ಬಾಗುವಂತಿದ್ದಳು. ಸೀರೆಯ ನೆರಿಗೆ ಮಾತ್ರ ಸಂಜೆಯಾದರೂ ಬೆಳಗಿನಂತೆಯೇ ಇರುತ್ತಿತ್ತು. ಗುರುಬಸಮ್ಮ ಅವಳ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. “ಆಕಿ” ಅಷ್ಟೆ. ಆದರೆ ಮನೆಯ ಒಳಗೆ ಆಕಿಯದೇ ರಾಜ್ಯ ನಡೆದಿತ್ತು. ಜಡೆ ಬಿಗಿಯಾದರೆ ಮಗಳು “ನಮ್ಮ ಮಿಸ್ ಹಿಂಗ ಹೆಣಿಯಲ್ಲ,” ಕುಂಕುಮ ದೊಡ್ಡದಾದರೆ “ನಮ್ಮ ಮಿಸ್ಸಿಂದು ಸಣ್ಣದು ಇರತೈತಿ,” ಸೀನಿದರೂ ಮಿಸ್ ಹೇಳಿಕೊಟ್ಟ ರೀತಿಯಲ್ಲೇ ಸೀನಬೇಕು. ರಾತ್ರಿ ಊಟಕ್ಕೆ ಮಾತ್ರ ಅರ್ಚನಾ ಹಿಂದಿನಂತೆಯೇ ತಾಯಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಬಾಯಿ ತೆರೆಯುತ್ತಿದ್ದಳು. ಆ ಒಂದು ಹೊತ್ತು ತನ್ನದು ಎಂದು ಗುರುಬಸಮ್ಮ ಹಿಡಿದುಕೊಂಡಿದ್ದಳು. ಆದರೆ ಮಧ್ಯಾಹ್ನದ ತುತ್ತು? ಬಳೆಯಿಲ್ಲದ, ವಾಚು ಕಟ್ಟಿದ ಆ ತೆಳ್ಳನೆಯ ಕೈ ತನ್ನ ಮಗಳ ಬಾಯಿಗೆ ಹೋಗುವುದನ್ನು ಕಣ್ಣು ಮುಚ್ಚಿದರೂ ಕಾಣುತ್ತಿದ್ದಳು. ಮಗಳನ್ನು ಕೇಳಲಿಲ್ಲ. ಕೇಳಿದರೆ ಸೋತಂತೆ ಎಂಬ ಹಟ.

ಈ ಉರಿಗೆ ತುಪ್ಪ ಸುರಿದದ್ದು ಒಂದು ಚಿಟಿಕೆ ಸಕ್ಕರೆ. ಗುರುಬಸಮ್ಮ ಒಮ್ಮೆ ಹಟಕ್ಕೆ ಬಿದ್ದು ಡಬ್ಬಿ ತುಂಬ ಎಣ್ಣೆಗಾಯಿ ಬದನೆಕಾಯಿ, ಮೆತ್ತನೆಯ ರೊಟ್ಟಿ ತುಂಬಿ ಕಳಿಸಿದಳು, ನನ್ನ ಕೈರುಚಿಯನ್ನು ಆಕಿಯೂ ಕಂಡುಕೊಳ್ಳಲಿ ಎಂದು. ಅರ್ಚನಾ ಮಿಸ್ಸಿಗೂ ಕೊಟ್ಟಳು, ಮಿಸ್ಸೂ ತಿಂದಳು. ತಿಂದವಳು ಒಳ್ಳೆಯ ಮನೆತನದ ಹುಡುಗಿ. ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಕಳಿಸಬಾರದು ಎಂದು ಕಲಿತು ಬಂದವಳು. ಡಬ್ಬಿ ತೊಳೆಸಿ ಒರೆಸಿ, ಆಫೀಸಿನಲ್ಲಿ ಚಹಾಕ್ಕೆ ಇಟ್ಟಿದ್ದ ಸಕ್ಕರೆಯಲ್ಲಿ ಚಿಟಿಕೆ ಹಾಕಿ ಕಳಿಸಿದಳು. ಸಂಜೆ ಮುಚ್ಚಳ ತೆಗೆದ ಗುರುಬಸಮ್ಮ ಆ ಸಕ್ಕರೆಯನ್ನು ನೋಡುತ್ತ ನಿಂತೇಬಿಟ್ಟಳು.

ಎಲ್ಲರೂ ಮರ್ಯಾದೆ ಎಂದು ತಿಳಿಯುವುದನ್ನು ಆಕೆ ಅಪಮಾನವೆಂದು ತಿಳಿದಳು. ಖಾಲಿ ಕಳಿಸಬಾರದು ಎಂಬ ರೀತಿ ಮನೆ ಮನೆಯ ನಡುವೆ ಇರುವಂಥದ್ದು. ತುಂಬಿ ಬಂದ ಪಾತ್ರೆಯ ಒಡತಿ ಹೊರಗಿನವಳು ಎಂದೇ ಅದರ ಅರ್ಥ. ಹಾಗಾದರೆ ನನ್ನ ಮಗಳಿಗೆ ನಾನು ಕಟ್ಟಿದ ಬುತ್ತಿ ಆಕಿಯ ಮನೆಗೆ ಹೋದ ಬೀಗರ ಬುತ್ತಿಯಾಯಿತೇ? “ನೋಡ್ರಿ, ನನ್ನ ಕೂಸಿಗೆ ನಾನ ಬೀಗತಿ ಆದೆ,” ಎಂದು ಗಂಡನ ಮುಂದೆ ಡಬ್ಬಿ ಹಿಡಿದಳು. ಸೋಮಶೇಖರ ಸಕ್ಕರೆಯನ್ನು ಬೆರಳಿಗೆ ಹಚ್ಚಿ ನೆಕ್ಕಿ, “ಚಲೋ ಐತಿ,” ಅಂದ. ಅಂದು ಅವನಿಗೆ ಸಾರಿನಲ್ಲಿ ಉಪ್ಪು ಬೀಳಲಿಲ್ಲ.

ಮಗಳನ್ನು ಶಾಲೆ ಬಿಡಿಸುವ ಮಾತಿಗೆ ಗಂಡ ಒಪ್ಪಲಿಲ್ಲ. ಆಗ ಗುರುಬಸಮ್ಮನಿಗೆ ಹೊಳೆದ ಉಪಾಯ ಇದೆಯಲ್ಲ, ಅದನ್ನು ನೆನೆದರೆ ನನಗೆ ಈಗಲೂ ಗೌರವ ಹುಟ್ಟುತ್ತದೆ. ಹಾವು ಸಾಯಬೇಕು, ಕೋಲೂ ಮುರಿಯಬಾರದು. ಆಕಿಗೆ ಮದುವೆ ಮಾಡಿಬಿಟ್ಟರೆ? ಮದುವೆಯಾದ ಹುಡುಗಿ ಊರು ಬಿಡುತ್ತಾಳೆ, ಊರು ಬಿಟ್ಟರೆ ಶಾಲೆ ಬಿಡುತ್ತಾಳೆ. ಅಂದಿನಿಂದ ಗುರುಬಸಮ್ಮ ಕಂಡವರ ಮುಂದೆಲ್ಲ ಮಿಸ್ಸಿನ ಗುಣಗಾನಕ್ಕೆ ನಿಂತಳು. ಕಾನಹೊಸಹಳ್ಳಿಯ ಒಂದು ಗಂಡು ಕುಳ್ಳಾಯಿತು, ಕೊಟ್ಟೂರಿನ ಇನ್ನೊಂದು ಜಾತಕಕ್ಕೆ ಕೂಡಲಿಲ್ಲ. ಅವಸರ ಮಿತಿಮೀರಿತು. ಕೊನೆಗೆ, ತವರೂರು ಹಡಗಲಿಯಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ತನ್ನ ಸ್ವಂತ ತಮ್ಮ ಬಸವೇಶನನ್ನೇ ತಂದು ನಿಲ್ಲಿಸಿದಳು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಕಂಡ ಗಳಿಗೆಯಲ್ಲೇ ಒಪ್ಪಿದರು. “ಹೊಟ್ಟಿಕಿಚ್ಚಿನಾಕಿ ಅಂತಿದ್ವಿ, ಎಷ್ಟು ದೊಡ್ಡ ಮನಸು ನೋಡ್ರಿ,” ಎಂದು ಓಣಿಯೇ ಬಾಯಿಗೆ ಬೆರಳಿಟ್ಟಿತು.

ಅಕ್ಕಿಕಾಳು ಬಿದ್ದು ವಾಣಿಶ್ರೀ ಅತ್ತೆಯ ಮನೆ ಸೇರಿದ ಮೇಲೆಯೇ ಗುರುಬಸಮ್ಮನಿಗೆ ತಾನು ಮಾಡಿಕೊಂಡದ್ದೇನೆಂದು ತಿಳಿದದ್ದು. ಆಕಿ ಶಾಲೆ ಬಿಟ್ಟಳು ನಿಜ. ಆದರೆ ಹೋಗಿ ಕೂತದ್ದು ಎಲ್ಲಿ? ತನ್ನ ತವರಿನ ನಡುಮನೆಯಲ್ಲಿ. ತನ್ನ ಅವ್ವ ಈಗ ಫೋನಿನಲ್ಲಿ “ವಾಣಿ ಹಂಗ ಮಾಡ್ತಾಳ, ವಾಣಿ ಹಿಂಗ ಮಾಡ್ತಾಳ” ಎಂದು ಸೊಸೆಯನ್ನೇ ಹಾಡುತ್ತಾಳೆ. ಮಗಳಿಗೆ ಮಿಸ್ ಆಗಿದ್ದವಳು ಸೋದರತ್ತೆಯಾದಳು, ಬಿಡಿಸಲಾರದ ನಂಟು. “ಹಾವು ಹೊಡಿಯಾಕ ಹೋಗಿ ಮನ್ಯಾಗ ಕರಕೊಂಡಿ ನೋಡು,” ಎಂದು ಸೋಮಶೇಖರ ನಕ್ಕ.

ಹೊಸ ಮದುಮಕ್ಕಳನ್ನು ಊಟಕ್ಕೆ ಕರೆಯದಿದ್ದರೆ ನಡೆಯುವುದಿಲ್ಲ. ಹೋಳಿಗೆ, ತುಪ್ಪ, ಕಟ್ಟಿನ ಸಾರು. ಗುರುಬಸಮ್ಮ ಏನೂ ಕಡಿಮೆ ಮಾಡಲಿಲ್ಲ. ಎಲ್ಲರನ್ನೂ ಕೂರಿಸಿ, ವಾಣಿಶ್ರೀಯ ಎದುರಿಗೇ ಮಗಳನ್ನು ಕೂರಿಸಿದಳು. ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿ, ಇವಳು ಯಾರ ಮಗಳೆಂದು ಇವತ್ತು ಆಕಿಯೂ ನೋಡಲಿ ಎಂಬ ಹೆಮ್ಮೆಯಿಂದ ತುತ್ತು ಎತ್ತಿದಳು. ಅರ್ಚನಾ ಬಾಯಿ ತೆರೆಯಲಿಲ್ಲ. ಅವಳ ಕೈ ಆಗಲೇ ತಟ್ಟೆಯಲ್ಲಿತ್ತು. ಹುಡುಗಿ ಎದುರು ಸಾಲಿನ ಕಡೆ ನೋಡಿದಳು. ವಾಣಿಶ್ರೀ ತಲೆಯೆತ್ತದೆಯೇ, ಕಂಡೂ ಕಾಣದಷ್ಟು, ಕಣ್ಣಿನಲ್ಲೇ ಹೂಂ ಅಂದಳು. ಆಮೇಲೆ ಮಗಳ ಬಾಯಿ ತೆರೆಯಿತು.

ಅತಿಥಿಗಳು ಎಲೆಅಡಿಕೆಗೆ ಕೂತಾಗ ಗುರುಬಸಮ್ಮ ಮಗಳನ್ನು ಅಡಿಗೆಮನೆಗೆ ಎಳೆದುಕೊಂಡು ಹೋದಳು. “ಯಾಕ ಆಕಿ ಮಾರಿ ನೋಡಿದಿ? ಸಾಲ್ಯಾಗ ಆಕೀನ ತಿನಸ್ತಿದ್ದಳೇನು?”

“ಇಲ್ಲವ್ವ. ಮಿಸ್ ಯಾರಿಗೂ ತಿನಸ್ತಿರಲಿಲ್ಲ. ನಿನ್ನ ಕೈ ಐತೆಲ್ಲ, ನೀನ ಉಣ್ಣು ಅಂತಿದ್ರು. ನನಗ ಬರ್ತೈತಿ.”

“ಮತ್ತ ಮನ್ಯಾಗ ದಿನಾ ನನ್ನ ಕೈಲೇ ಯಾಕ ಉಣ್ಣತಿದ್ದಿ?”

“ಮಿಸ್ಸ ಹೇಳಿದ್ರು. ಮನ್ಯಾಗ ಅವ್ವನ ಕೈಲೇ ಉಣ್ಣು, ಇಲ್ಲಾಂದ್ರ ಅವ್ವಗ ಬ್ಯಾಸರ ಆಕ್ಕೈತಿ ಅಂದ್ರು.”

ಇದನ್ನು ಮುಂದೊಂದು ದಿನ ಗುರುಬಸಮ್ಮನೇ ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದಳು, ಅಂದು ಪೀಠಿಕೆ ಇರಲಿಲ್ಲ. “ಹೊಟ್ಟಿ ಉರೀತೈತ್ರಿ,” ಅಂದಳು. “ಆಕಿ ನನ್ನ ಕೂಸಿನ್ನ ಕಸಗೊಂಡಿದ್ರ ಜಗಳಾನರ ಮಾಡ್ತಿದ್ದೆ. ನನ್ನ ಮಗಳ ಬಾಯಿ ನನಗಽ ದಾನ ಕೊಟ್ಟಾಳಲ್ರಿ, ಇದಕ್ಕೇನು ಮಾಡ್ಲಿ?”

ಮತ್ಸರ ಪ್ರೀತಿಯ ವೈರಿಯೆಂದು ತಿಳಿದವರು ಅನೇಕರು. ಗುರುಬಸಮ್ಮನಂಥವರ ಮನೆಯಲ್ಲಿ ಅವೆರಡೂ ಒಂದೇ ಒಲೆಯ ಮೇಲೆ ಬೇಯುತ್ತವೆ, ಯಾವುದರ ಹಬೆ ಯಾವುದು ಎಂದು ಬೇಯಿಸುವವರಿಗೂ ಗೊತ್ತಾಗುವುದಿಲ್ಲ. ಇಂಥ ತಾಯಂದಿರು ಊರಿಗೆ ಹತ್ತು ಜನ ಇದ್ದೇ ಇರುತ್ತಾರೆ. ಮಕ್ಕಳ ಹೊಟ್ಟೆ ತುಂಬಿಸುವುದೇ ಬದುಕೆಂದು ಅವರೂ ನಂಬಿರುತ್ತಾರೆ, ನಾವೂ ನಂಬಿರುತ್ತೇವೆ. ಹಸಿದವರು ಯಾರೆಂಬುದು ಮಕ್ಕಳಿಗೆ ಮಾತ್ರ ಗೊತ್ತಿರುತ್ತದೆ. ಅದಕ್ಕೇ ಅವು ಸುಮ್ಮನೆ ಬಾಯಿ ತೆರೆಯುತ್ತವೆ.