ಮೂರು ಗಂಟೆಯ ಬಿಸಿಲು

ನಮ್ಮ ಚಿಕ್ಕಪ್ಪನದು ಒಂದು ಹಟ. ಕಟ್ಟಡಗಳ ಮರದ ಮಾದರಿ ಮಾಡುವುದು ಅವರ ಕಸುಬು. ಯಾವ ಮಾದರಿಯನ್ನೂ ಬಿಸಿಲಿಗೆ ಇಟ್ಟು ನೋಡದೆ ಕೊಟ್ಟವರಲ್ಲ. ನಿಜವಾದ ಜಾಗದಲ್ಲಿ ಕಟ್ಟಡ ಯಾವ ದಿಕ್ಕಿಗೆ ನಿಲ್ಲುತ್ತದೋ ಅದೇ ದಿಕ್ಕಿಗೆ ತಿರುಗಿಸಿ, ಅಂಗಳದ ಸ್ಟೂಲಿನ ಮೇಲಿಟ್ಟು, ಪಕ್ಕದಲ್ಲಿ ಕೂತು ದಿಟ್ಟಿಸುತ್ತಾರೆ. ಅವತ್ತು ನಾನು ಮಾಡಲು ಕೊಟ್ಟಿದ್ದ ಮಾದರಿಯನ್ನು ಹಾಗೆ ಇಟ್ಟುಕೊಂಡು, ಮಧ್ಯಾಹ್ನ ಮೂರಕ್ಕೆ ಫೋನ್ ಮಾಡಿ ನನ್ನನ್ನು ಕರೆಸಿಕೊಂಡರು.

"ಚಿತ್ರ ತೂಗುಹಾಕೋ ಗೋಡೆ ಮೇಲೆ ಬಿಸಿಲು ಬೀಳಬಾರದು ಅಂತ ನೀನೇ ಅಂದಿದ್ದೆ ಅಲ್ವೇನಮ್ಮಾ?"

"ಬೀಳಲ್ಲ ಚಿಕ್ಕಪ್ಪ. ಚಾವಣಿ ಕಿಟಕಿಗಳೆಲ್ಲ ಉತ್ತರಕ್ಕಿವೆ. ಆ ಕಡೆಯಿಂದ ಬರೋದು ಬರೀ ತಂಪು ಬೆಳಕು."

"ಬಗ್ಗಿ ನೋಡು."

ಬಗ್ಗಿ ನೋಡಿದೆ. ಉದ್ದನೆಯ ಗೋಡೆಯ ತುಂಬ ಬಿಸಿಲು ರಾಚುತ್ತಿತ್ತು.

"ನೀವು ಅಡ್ಡ ಇಟ್ಟಿದ್ದೀರಿ."

"ಬಾಗಿಲು ಬೀದಿಗೆ, ಬೀದಿ ಪೂರ್ವಕ್ಕೆ. ಜಾಗಕ್ಕೆ ಹೋಗಿ ನೋಡ್ಕೊಂಡೇ ಬಂದಿದ್ದೀನಿ. ನೀನು ಹೋಗಿದ್ಯೋ, ಕೂತಲ್ಲೇ ಬರೆದ್ಯೋ?"

ಹತ್ತು ಸಲ ಹೋಗಿದ್ದೆ. ಬೀದಿ ಇದ್ದದ್ದು ಪೂರ್ವಕ್ಕೇ.

ಅದು ನಗರದ ಹೊಸ ಆಧುನಿಕ ಕಲಾ ಸಂಗ್ರಹಾಲಯ. ವಿನ್ಯಾಸ ನಮ್ಮ ಕಚೇರಿಯದು, ಕಚೇರಿ ಮೇಷ್ಟ್ರದು. ಕಾಲೇಜಿನಲ್ಲಿ ನನಗೆ ಪಾಠ ಹೇಳಿದವರು, ಆಮೇಲೆ ಹದಿನಾಲ್ಕು ವರ್ಷ ಪಕ್ಕದ ಮೇಜಿನಲ್ಲಿ ಕೂರಿಸಿಕೊಂಡು ಬೈದವರು. ಇದೇ ತಮ್ಮ ಕೊನೆಯ ಕಟ್ಟಡ ಎಂದು ಊರಿಗೆಲ್ಲ ಹೇಳಿದ್ದರು. ಮರುದಿನ ಸಮಿತಿ ಒಪ್ಪಿದರೆ ಚಾವಣಿಗೆ ಉಕ್ಕು ಕತ್ತರಿಸುವುದು ಶುರು. ಅಡಿಪಾಯವಂತೂ ಆಗಿಯೇ ಹೋಗಿತ್ತು.

ತಪ್ಪು ಎಲ್ಲಿ ಆಯಿತೆಂದು ನನಗೆ ಆಗಲೇ ಗೊತ್ತಾಯಿತು. ಯಾವ ಕಟ್ಟಡವಾದರೂ ಅದರ ಮುಂಬಾಗಿಲು ಹಾಳೆಯ ಕೆಳಗಡೆಯೇ ಬರಬೇಕೆನ್ನುವುದು ಮೇಷ್ಟ್ರ ಪದ್ಧತಿ. ಹಾಗಾಗಿ ಸರ್ವೆಯವರು ಕೊಟ್ಟ ನಕ್ಷೆಯನ್ನು ತಿರುಗಿಸಿಕೊಂಡು ಬರೆದರು. ಉತ್ತರದ ಬಾಣವನ್ನು ಮಾತ್ರ ಕೈ ಅಭ್ಯಾಸದಂತೆ ಮೇಲ್ಮುಖವಾಗಿಯೇ ಎಳೆದುಬಿಟ್ಟರು. ಹಾಳೆಯ ಮೇಲ್ಗಡೆ ನಿಜವಾಗಿ ಇದ್ದದ್ದು ಪಶ್ಚಿಮ. "ಬಾಣ ಸರಿ ಇದ್ಯಾ ಸರ್?" ಎಂದು ನಾನು ಕೇಳಿದ್ದೆ. "ನಂಗೇ ದಿಕ್ಕು ತೋರಿಸ್ತೀಯಾ?" ಎಂದು ಗದರಿದ್ದರು. ದಿನಬೆಳಗಾದರೆ ಅವರ ಜೊತೆ ಜಗಳಕ್ಕೆ ನಿಲ್ಲುವ ನಾನು ಅವತ್ತು ಬಾಯಿ ಮುಚ್ಚಿಕೊಂಡು, ಕಿಟಕಿಗಳನ್ನೆಲ್ಲ ಆ ಬಾಣದ ಕಡೆಗೇ ಕೂರಿಸಿದೆ. ನನ್ನ ಮೇಲೆಯೇ ನನಗೆ ಸಿಟ್ಟು ಬಂತು.

ಮಾದರಿಯನ್ನು ಹೊತ್ತು ನೇರ ಕಚೇರಿಗೆ ಹೋದೆ. ಮೇಷ್ಟ್ರು ಎಲ್ಲ ಕೇಳಿಸಿಕೊಂಡು, ಕನ್ನಡಕ ಒರೆಸಿದರು.

"ಪರದೆ ಹಾಕಿದ್ರಾಯ್ತು."

"ಪರದೆ ಹಾಕೋದಾದ್ರೆ ಕಿಟಕಿ ಯಾಕೆ ಸರ್? ಡಬ್ಬ ಕಟ್ಟಿ ದೀಪ ಹಚ್ಚಿದ್ರೆ ಸಾಕಿತ್ತಲ್ಲ."

"ನಾಳೆ ಸಭೇಲಿ ಬಾಯಿ ಬಿಟ್ಟೆ ಅಂದ್ರೆ ನಾಡಿದ್ದಿಂದ ಈ ಕಡೆ ಬರಬೇಡ."

ಸಿಟ್ಟಿನಲ್ಲಿ ಎಷ್ಟೋ ಸಲ ಬೈದಿದ್ದರು, ಹೊರಗೆ ಹೋಗೆಂದವರಲ್ಲ. ಅವರ ಕೊನೆಯ ಕಟ್ಟಡವಲ್ಲವೇ, ಅಯ್ಯೋ ಅನ್ನಿಸಿತು. ಹಾಗಂತ ಊರಿನ ಚಿತ್ರಗಳನ್ನೆಲ್ಲ ವರ್ಷಗಟ್ಟಲೆ ಬಿಸಿಲಿಗೆ ಒಡ್ಡಲು ನಾನು ತಯಾರಿರಲಿಲ್ಲ. ಮನೆಗೆ ಹೋಗಿ ಹೊಸ ಹಾಳೆ ಹಾಸಿಕೊಂಡು ಕೂತೆ.

ಸಮಿತಿಯ ಅಧ್ಯಕ್ಷೆ ಸ್ವತಃ ಚಿತ್ರಕಲಾವಿದೆ. ಮರುದಿನ ಸಭೆಯಲ್ಲಿ ಮೇಷ್ಟ್ರು ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತು, ಕಿಟಕಿಗಳು ಪಶ್ಚಿಮಕ್ಕೆ ಬಂದಿವೆ ಎಂದು ಹೇಳಿಬಿಟ್ಟೆ.

"ಯಾರ ತಪ್ಪು ಇದು?" ಎಂದರು ಆಕೆ.

"ಕಚೇರಿದು ಮೇಡಂ. ಅನುಮಾನ ಬಂದ್ರೂ ಸುಮ್ಮನಿದ್ದದ್ದು ನಾನು."

ಗೋಡೆಗಳನ್ನು ಮುಟ್ಟದೆ ಚಾವಣಿಯ ಕಿಟಕಿ ಸಾಲುಗಳನ್ನಷ್ಟೇ ಉತ್ತರಕ್ಕೆ ತಿರುಗಿಸಬಹುದೆಂದು ನನ್ನ ಹಾಳೆ ಬಿಡಿಸಿ ತೋರಿಸಿದೆ. ತೊಲೆಗಳ ಲೆಕ್ಕ ಮೊದಲಿನಿಂದ ಹಾಕಬೇಕು, ಹತ್ತು ದಿನ ಬೇಕು ಎಂದೆ. ಆಕೆ ಹಾಳೆಯನ್ನು ತಮ್ಮತ್ತ ಎಳೆದುಕೊಂಡು, ಕಿಟಕಿ ಸಾಲುಗಳ ಮೇಲೆ ಬೆರಳಾಡಿಸಿದರು.

"ಹತ್ತು ಅಂದ್ರೆ ಹತ್ತೇ. ಹನ್ನೊಂದನೇ ದಿನ ಕೆಲಸ ಬೇರೆಯವರಿಗೆ."

ಮೇಷ್ಟ್ರು ನನ್ನತ್ತ ತಿರುಗಿಯೂ ನೋಡದೆ ಕಾರು ಹತ್ತಿದರು. ಕಚೇರಿ ಬಿಡಿಸಿದರೂ ಸರಿ, ನಕ್ಷೆ ಮುಗಿಸಿ ಅವರ ಮೇಜಿಗೆ ಕಳಿಸಿಯೇ ಕಳಿಸುತ್ತೇನೆ ಎಂದು ಅಲ್ಲೇ ನಿಶ್ಚಯಿಸಿದೆ.

ಮರುದಿನ ಬೆಳಿಗ್ಗೆ ನನ್ನ ಸಾಮಾನು ತರಲು ಕಚೇರಿಗೆ ಹೋದೆ. ನನ್ನ ಕುರ್ಚಿಯಲ್ಲಿ ಮೇಷ್ಟ್ರು ಕೂತಿದ್ದರು. ಅಂಗಿಯ ತೋಳು ಮಡಚಿ, ಹೊಸ ಚಾವಣಿಯ ಮೂರನೆಯ ತೊಲೆ ಎಳೆಯುತ್ತಿದ್ದರು.

"ಎಷ್ಟೊತ್ತಿಗೆ ಬರೋದು? ಇರೋದೇ ಒಂಬತ್ತು ದಿನ."

"ಬರಬೇಡ ಅಂದಿದ್ರಿ."

"ಅಂದಿದ್ದೆ. ನನ್ನ ಮಾತು ನೀನು ಯಾವತ್ತು ಕೇಳಿದ್ದೀಯ?" ಅವರು ಪೆನ್ಸಿಲ್ ಕೆಳಗಿಟ್ಟರು. "ಕೇಳಿದ್ದು ಒಂದೇ ಸಲ, ಆ ಬಾಣದ ದಿನ. ಇನ್ಮೇಲೆ ಕೇಳಬೇಡಮ್ಮ."