ಗುರುವಾರದ ಜೀಪಿನ ಪಂಪು

ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ನಾನು ಒಂದು ಪಂಪು. ಬಾವಿಯಿಂದ ನೀರೆತ್ತುವ ದೊಡ್ಡ ಪಂಪಲ್ಲ. ಜೀಪಿನ ಎಂಜಿನ್ನಿನ ಪಕ್ಕೆಗೆ ಅಂಟಿಕೊಂಡು, ಹಿಂದಿನ ಟ್ಯಾಂಕಿನಿಂದ ಡೀಸೆಲ್ ಎಳೆದು ಎಂಜಿನ್ನಿಗೆ ಕುಡಿಸುವ ಮುಷ್ಟಿಗಾತ್ರದ ಫೀಡ್ ಪಂಪು. ಒಳಗೊಂದು ಸ್ಪ್ರಿಂಗು, ಎರಡು ಪುಟ್ಟ ವಾಲ್ವು, ತಲೆಯ ಮೇಲೆ ಕೈಯಿಂದ ಒತ್ತುವ ಒಂದು ಗುಂಡಿ. ಎಂಜಿನ್ನು ತಿರುಗುವಷ್ಟು ಹೊತ್ತೂ ಎಳೆ, ತಳ್ಳು, ಎಳೆ, ತಳ್ಳು. ನಿಂತರೆ ಮೈಯೆಲ್ಲ ತುರಿಸುತ್ತದೆ.

ಹುಟ್ಟಿದ್ದು ಕೊಯಮತ್ತೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ. ಕಾದ ಲೋಹವನ್ನು ಅಚ್ಚಿಗೆ ಹೊಯ್ದರು, ಕೊರೆದರು, ಉಜ್ಜಿದರು. ಕೊನೆಗೆ ಒಬ್ಬ ಹೆಂಗಸು ನನ್ನನ್ನು ಎಣ್ಣೆಯಲ್ಲಿ ಅದ್ದಿ, ಗುಂಡಿಯನ್ನು ನಾಲ್ಕು ಸಲ ಒತ್ತಿ ನೋಡಿ, ತನ್ನ ತಮಿಳಿನಲ್ಲಿ ಏನೋ ಅಂದು ಬೆನ್ನು ತಟ್ಟಿದಳು. ಹೊಗಳಿದಳೆಂದೇ ನಾನು ತಿಳಿದೆ. ಆಮೇಲೆ ಬಹಳ ವರ್ಷ ನನ್ನನ್ನು ಯಾರೂ ಹೊಗಳಲಿಲ್ಲ.

ನನ್ನನ್ನು ಕೂರಿಸಿದ ಹಸಿರು ಜೀಪು ಮೊದಲು ಸಂಡೂರಿನ ಗುಡ್ಡಗಳಲ್ಲಿ ಅದಿರು ಹುಡುಕುವ ಸಾಹೇಬರ ಕೈಯಲ್ಲಿತ್ತು. ಅವರಿಗೆ ಕಲ್ಲಿನ ಮೇಲಿದ್ದ ಪ್ರೀತಿ ನಮ್ಮ ಮೇಲಿರಲಿಲ್ಲ, ಆದರೆ ದಿನವಿಡೀ ಓಡಿಸುತ್ತಿದ್ದರು. ನನಗೆ ಅಷ್ಟೇ ಸಾಕಿತ್ತು. ಅವರು ಬಿಟ್ಟ ಮೇಲೆ ಜೀಪು ಶಾಮಿಯಾನದವನ ಪಾಲಾಯಿತು. ಅಯ್ಯೋ, ಅದೊಂದು ನರಕ! ಮದುವೆ ಮನೆಯ ಮುಂದೆ ಕಂಬ ಇಳಿಸುವುದು, ಜನ ಉಂಡು ಏಳುವ ತನಕ ಬಿಸಿಲಲ್ಲಿ ನಿಲ್ಲುವುದು. ಮೂರು ವರ್ಷ ಹಾಗೆಯೇ ತುರಿಸಿಕೊಂಡು ಕಳೆದೆ.

ಆಮೇಲೆ ಬಂದವನು ಗಾದಿಲಿಂಗ. ನಲವತ್ತು ದಾಟಿದ, ಗಿರಿಜಾ ಮೀಸೆಯ ಡ್ರೈವರು. ಜೀಪು ಹತ್ತುವಾಗ ಚಪ್ಪಲಿ ಕಳಚಿ ಸೀಟಿನ ಕೆಳಗಿಡುತ್ತಿದ್ದ. ಗುಡ್ಡದ ತಲೆಯ ಮೇಲಿರುವ ಮ್ಯಾಗಳಹಟ್ಟಿ ಅವನು ಹುಟ್ಟಿದೂರು. ಕೆಳಗಿನ ಸರ್ಕಾರಿ ಆಸ್ಪತ್ರೆಯಿಂದ ಅಲ್ಲಿಗೆ ಹನ್ನೊಂದು ಕಿಲೋಮೀಟರು. ಬಸ್ಸಿಲ್ಲ, ರಸ್ತೆಯೂ ಇಲ್ಲ. ಕೆಮ್ಮಣ್ಣಿನ ಕೊರಕಲು, ನಡುವೆ ಎರಡು ಹಳ್ಳ. ಪ್ರತಿ ಗುರುವಾರ ನರ್ಸ್ ಮಾರ್ತಮ್ಮನನ್ನು, ಅವಳ ತೊಡೆಯ ಮೇಲಿನ ನೀಲಿ ಲಸಿಕೆ ಡಬ್ಬಿಯನ್ನು ಮೇಲಕ್ಕೆ ಮುಟ್ಟಿಸುವುದು ನಮ್ಮ ಕೆಲಸವಾಗಿತ್ತು.

ಗಾದಿಲಿಂಗನ ಅಕ್ಕ ಹುಲಿಗೆಮ್ಮ ಹಟ್ಟಿಯ ಕಟ್ಟೆಯ ಮೇಲೆ ಊರುಗೋಲು ಹಿಡಿದು ಕಾಯುತ್ತಿದ್ದಳು. ಸಣ್ಣವಳಿದ್ದಾಗ ಪೋಲಿಯೊ ಬಂದು ಅವಳ ಒಂದು ಕಾಲು ಸೊರಗಿಹೋಗಿತ್ತು. ಆ ಕಾಲದಲ್ಲಿ ಗುಡ್ಡ ಹತ್ತಿ ಲಸಿಕೆ ತರುವವರು ಯಾರೂ ಇರಲಿಲ್ಲ. ಅದಕ್ಕೇ ಗಾದಿಲಿಂಗ ಆರು ವರ್ಷದಲ್ಲಿ ಒಂದು ಗುರುವಾರವನ್ನೂ ತಪ್ಪಿಸಿರಲಿಲ್ಲ. ಜೀಪು ಕಂಡೊಡನೆ ಹುಲಿಗೆಮ್ಮ ತಾಯಂದಿರನ್ನು ಕೂಗುತ್ತಿದ್ದಳು. ಎಂಜಿನ್ನು ನಿಂತು ಸ್ವಲ್ಪ ಹೊತ್ತಿಗೆ ಸೂಜಿ ಚುಚ್ಚಿಸಿಕೊಂಡ ಮಕ್ಕಳ ಅಳು ಕೇಳುತ್ತಿತ್ತು. ನಾನು ತಣ್ಣಗೆ ಕೂರುತ್ತಿದ್ದದ್ದು ಅದೊಂದು ಹೊತ್ತು ಮಾತ್ರ.

ಗಾದಿಲಿಂಗನದು ಒಂದು ಪದ್ಧತಿ. ಗುರುವಾರ ಬೆಳಿಗ್ಗೆ ಸ್ನಾನ ಮಾಡಿ, ಸಾಣೆಕಲ್ಲಿನ ಮೇಲೆ ತಾನೇ ಗಂಧ ತೇಯುತ್ತಿದ್ದ. ಸ್ಟೇರಿಂಗಿಗೆ, ಬಾನೆಟ್ಟಿಗೆ, ನಾಲ್ಕು ಗಾಲಿಗೆ ಗಂಧ ಕುಂಕುಮ. ಕೊನೆಗೆ ಡೀಸೆಲ್ ಟ್ಯಾಂಕಿನ ಮುಚ್ಚಳಕ್ಕೆ. "ಉಣ್ಣೋ ಬಾಯಿ ಇದು, ಇದಕ್ಕ ಕೈ ಮುಗೀದಿದ್ರ ಹೆಂಗ?" ಎನ್ನುತ್ತಿದ್ದ.

ಒಂದು ಬೇಸಿಗೆಯ ಗುರುವಾರ, ಏಳನೆಯ ಕಿಲೋಮೀಟರಿನ ಏರಿನಲ್ಲಿ, ಡೀಸೆಲ್ ಎಳೆಯುವುದು ನನಗೆ ಭಾರವಾಯಿತು. ಟ್ಯಾಂಕಿನೊಳಗೆ ಯಾರೋ ಕೂತು ಅದನ್ನು ಹಿಡಿದೆಳೆಯುತ್ತಿರುವ ಹಾಗೆ. ಎಳೆದೆ, ಎಳೆದೆ, ಬರಲಿಲ್ಲ. ಎಂಜಿನ್ನು ಕೆಮ್ಮಿ ನಿಂತಿತು. ಗಾದಿಲಿಂಗ ಮುಚ್ಚಳ ತೆಗೆದ. ಹುಸ್ ಎಂದಿತು. ಕಡ್ಡಿ ಇಳಿಸಿ ನೋಡಿದ, ಡೀಸೆಲ್ ಬೇಕಾದಷ್ಟಿತ್ತು. ಫಿಲ್ಟರಿನ ಬೋಲ್ಟು ಸಡಿಲಿಸಿ ನನ್ನ ಗುಂಡಿ ಒತ್ತಿದ. ಗುಳ್ಳೆ ಬಂದವು, ಎಂಜಿನ್ನು ಹೊರಟಿತು. "ಪೈಪಿನಾಗ ಏರ್ ತಗೊಂಡಿತ್ತು ಸಿಸ್ಟರ್" ಎಂದ. ಅವನಿಗೆ ಸಮಾಧಾನವಾಯಿತು, ನನಗಾಗಲಿಲ್ಲ.

ಮುಂದಿನ ವಾರ ಎರಡು ಸಲ ನಿಂತೆವು. ಅದರ ಮುಂದಿನ ವಾರ ನಾಲ್ಕು ಸಲ. ಮಧ್ಯಾಹ್ನ ದಾಟಿತು, ಡಬ್ಬಿಯ ಐಸು ಕರಗತೊಡಗಿತು. ಮಾರ್ತಮ್ಮ "ಇನ್ನ ಬ್ಯಾಡಪ್ಪ, ಹೊಳ್ಳಿ ಹೋಗೂಣು" ಎಂದಳು. ಗಾದಿಲಿಂಗ ಜೀಪು ತಿರುಗಿಸಿದ. ಮೇಲೆ ಕಾದಿದ್ದ ತಾಯಂದಿರು ಬಿಸಿಲಲ್ಲೇ ಮನೆಗೆ ಹೋದರಂತೆ. ಆಸ್ಪತ್ರೆಯ ಡಾಕ್ಟರು ಬೈಯಲಿಲ್ಲ. "ಮುಂದಿನ ಗುರುವಾರನೂ ಮುಟ್ಟಲಿಲ್ಲ ಅಂದ್ರೆ ಬೇರೆ ಗಾಡಿ ನೋಡ್ತೀನಿ, ಗಾದಿಲಿಂಗಪ್ಪ. ಮಕ್ಕಳ ವಿಷಯ" ಎಂದಷ್ಟೇ ಹೇಳಿದರು. ಆ ದಿನ ಅವನು ಊಟ ಮುಟ್ಟಲಿಲ್ಲ.

ನಮ್ಮನ್ನು ಮೌಲಾಲಿ ಮೇಸ್ತ್ರಿಯ ಶೆಡ್ಡಿಗೆ ಒಯ್ದ. ಮೌಲಾಲಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಆನಿಸಿ ಕಣ್ಣು ಮುಚ್ಚಿ ಕೇಳಿದ. ಫಿಲ್ಟರು ಬದಲಿಸಿದ, ಪೈಪು ಊದಿದ, ನಟ್ಟು ಬಿಗಿದ. ಶೆಡ್ಡಿನಲ್ಲಿ ಎಂಜಿನ್ನು ಗುಂಯ್ ಎಂದು ಓಡಿತು. "ನೋಡಲೇ ಇದರ ನಾಟಕ! ಇಲ್ಲಿ ಸಾಧು, ಗುಡ್ಡದಾಗ ಕೋಣ" ಎಂದು ನಕ್ಕ. ಆಮೇಲೆ ನನ್ನನ್ನು ಬೆರಳಿನಿಂದ ಟಕಟಕ ಬಡಿದು ತೀರ್ಪು ಕೊಟ್ಟ. "ಪಂಪು ಮುದುಕ ಆಗೇತಿ, ಗಾದಿಲಿಂಗಣ್ಣ. ತಗದು ಒಗಿ."

ನನ್ನ ಮೈ ಉರಿದುಹೋಯಿತು. ಮುದುಕನಂತೆ! ನನ್ನ ವಾಲ್ವು ಬಿಚ್ಚಿ ನೋಡೋ, ಸ್ಪ್ರಿಂಗು ಒತ್ತಿ ನೋಡೋ, ತಪ್ಪು ಬೇರೆಲ್ಲೋ ಇದೆಯೋ ಎಂದು ಕೂಗಬೇಕೆನಿಸಿತು. ಡೀಸೆಲ್ ಕುಡಿಯುವ ಬಾಯಿ ಇದೆ, ಮಾತಾಡುವ ಬಾಯಿ ಇಲ್ಲ. ಬುಧವಾರ ನನ್ನ ಜಾಗಕ್ಕೆ ಥಳಥಳಿಸುವ ಹೊಸಬನೊಬ್ಬ ಬಂದ. ನನ್ನನ್ನು ಹರಿದ ಬನಿಯನ್ನಿನಲ್ಲಿ ಸುತ್ತಿ ಸೀಟಿನ ಕೆಳಗಿನ ಸಾಮಾನಿನ ಚೀಲಕ್ಕೆ ಹಾಕಿದರು.

ಗುರುವಾರ ಬಂತು. ಹೆದರಿದ್ದ ಗಾದಿಲಿಂಗ ಅವತ್ತು ಗಂಧವನ್ನು ಹೆಚ್ಚಾಗಿಯೇ ತೇಯ್ದಿದ್ದ. ಮೊದಲೆಲ್ಲ ಬೆರಳಿನಲ್ಲಿ ಬೊಟ್ಟಿಡುತ್ತಿದ್ದವನು ಜೀಪು ಕೈಕೊಟ್ಟ ಮೇಲೆ ವಾರವಾರವೂ ದಪ್ಪ ಮಾಡುತ್ತಾ ಬಂದಿದ್ದ. ಈ ಸಲ ಮುಚ್ಚಳಕ್ಕೆ ಅಂಗೈಯಿಂದಲೇ ಬಳಿದ.

ಹೊರಟೆವು. ಚೀಲದಲ್ಲಿ ಸ್ಪಾನರುಗಳ ನಡುವೆ ಉರುಳಾಡುತ್ತ ನಾನು ಎಣಿಸುತ್ತಿದ್ದೆ. ಮೊದಲ ಹಳ್ಳ ದಾಟಿತು. ಐದನೆಯ ಕಿಲೋಮೀಟರು. ಆರು. ಏಳನೆಯ ಏರಿನಲ್ಲಿ ಎಂಜಿನ್ನು ಕೆಮ್ಮಿತು. ಹೊಸಬನ ಉಸಿರೂ ಕಟ್ಟಿತ್ತು! ಅವನು ಹೀಗೆ ಸೋಲಲಿ ಎಂದು ಬೆಳಗಿನಿಂದ ಹಾರೈಸಿದವನು ನಾನೇ. ಆದರೆ ನಗು ಬರಲಿಲ್ಲ. ಮೇಲೆ ಹುಲಿಗೆಮ್ಮ ಕಟ್ಟೆಯ ಮೇಲೆ ಕೂತಿರುತ್ತಾಳೆ ಎನ್ನುವುದೇ ಕೊರೆಯುತ್ತಿತ್ತು.

ಗಾದಿಲಿಂಗ ಇಳಿದು ಕಲ್ಲಿನ ಮೇಲೆ ಕುಸಿದು ಕೂತ. "ಹೊಸ ಪಂಪು ಹಾಕ್ಸೀನಿ, ಪೂಜಿ ಮಾಡೀನಿ. ದೇವ್ರಿಗೆ ಏನ್ ಕಮ್ಮಿ ಮಾಡೀನಿ ಹೇಳ್ರಿ ಸಿಸ್ಟರ್?" ಎಂದು ಅತ್ತೇಬಿಟ್ಟ.

"ಅಳೂದು ಆಮ್ಯಾಲ. ಡೀಸೆಲ್ ನೋಡು ಮದ್ಲ" ಎಂದಳು ಮಾರ್ತಮ್ಮ.

ಅವನು ಮುಚ್ಚಳ ತಿರುಗಿಸಿದ. ಹುಸ್! ಮಾರ್ತಮ್ಮ ಪಕ್ಕದಲ್ಲೇ ಹತ್ತಿಯಿಂದ ಕತ್ತಿನ ಬೆವರು ಒರೆಸುತ್ತ ನಿಂತಿದ್ದಳು. ಆ ಹತ್ತಿಯ ಎಳೆಯೊಂದು ಕಿತ್ತು ಟ್ಯಾಂಕಿನ ಬಾಯಿಗೆ ಹಾರಿತು.

"ಏನಿದು ಸಪ್ಪಳ?"

"ಬಿಸಿಲಿಗೆ ಒಳಗಿನ ಗ್ಯಾಸು ಹೊರಗ ಬರತೈತ್ರಿ. ದಿನಾ ಇದ್ದದ್ದಽ."

"ಹೊರಗಲ್ಲ ಮಾರಾಯ, ಒಳಗ ಹೋಗಾಕತ್ತೈತಿ! ಹತ್ತಿ ನೋಡಿಲ್ಲಿ." ಅವಳು ಮುಚ್ಚಳವನ್ನು ಕೈಗೆ ತೆಗೆದುಕೊಂಡಳು. "ಸಲೈನ್ ಬಾಟ್ಲಿ ಇಳೀದಿದ್ರ ನಾವೇನ್ ಮಾಡ್ತೀವಿ ಗೊತ್ತೇನು? ಮ್ಯಾಲ ಒಂದು ಸೂಜಿ ಚುಚ್ಚಿ ಗಾಳಿಗೆ ದಾರಿ ಬಿಡ್ತೀವಿ. ಗಾಳಿ ಒಳಗ ಹೋಗದ ನೀರು ಕೆಳಗ ಇಳಿಯೂದಿಲ್ಲ. ಇದಕ್ಕ ಗಾಳಿ ತೂತು ಎಲ್ಲಿ?"

ಗಾದಿಲಿಂಗ ಮುಚ್ಚಳವನ್ನು ತಿರುಗಿಸಿ ಮುರುಗಿಸಿ ನೋಡಿದ. ತೂತು ನಡುವೆ ಇರಬೇಕಿತ್ತು. ಅಲ್ಲಿ ಆರು ವರ್ಷದ ಗಂಧವಿತ್ತು, ಕೆಂಧೂಳಿನೊಡನೆ ಗಾರೆಯಾಗಿ ಕೂತಿತ್ತು. ಮಾರ್ತಮ್ಮ ಹೊಸ ಸೂಜಿಯೊಂದನ್ನು ಬಿಚ್ಚಿ ಕೆದಕಿದಳು. ಗಂಧ ಚಕ್ಕೆ ಚಕ್ಕೆಯಾಗಿ ಉದುರಿತು. ಹಿಂದೆಯೇ ಒಂದು ಚಿಕ್ಕ ತೂತು ಕಂಡಿತು.

ಗಾದಿಲಿಂಗ ಅದನ್ನೇ ದಿಟ್ಟಿಸಿದ. "ಯಪ್ಪಾ... ಇದರ ಉಸಿರು ನಾನಽ ಕಟ್ಟೀನಲ್ರೀ ಸಿಸ್ಟರ್" ಎಂದ, ಸಣ್ಣ ದನಿಯಲ್ಲಿ.

ಚೀಲದೊಳಗೆ ನನಗೂ ಈಗ ಅರ್ಥವಾಯಿತು. ನನ್ನ ಎದುರು ಎಳೆಯುತ್ತಿದ್ದವನು ಯಾರೂ ಅಲ್ಲ, ಒಳಗೆ ಬರಲಾಗದ ಗಾಳಿ. ಡೀಸೆಲ್ ಹೋದ ಜಾಗಕ್ಕೆ ಗಾಳಿ ಬರಬೇಕಿತ್ತು, ಅಷ್ಟೇ. ಶೆಡ್ಡಿನಲ್ಲಿ ಸ್ವಲ್ಪ ಹೊತ್ತು ಮಾತ್ರ ಓಡಿದ್ದರಿಂದ ಅದರ ಕೊರತೆ ಗೊತ್ತಾಗಿರಲಿಲ್ಲ. ಕಡ್ಡಿ ಇಳಿಸಲು ಮುಚ್ಚಳ ತೆಗೆದಾಗೆಲ್ಲ ಗಾಳಿ ಸಿಕ್ಕಿ ನಾವು ಹೊರಡುತ್ತಿದ್ದೆವು, ಮೆಚ್ಚುಗೆ ಬೋಲ್ಟು ಸಡಿಲಿಸಿದ್ದಕ್ಕೆ ಹೋಗುತ್ತಿತ್ತು. ಜೀಪು ಮತ್ತೆ ನಿಲ್ಲದೆ ಮ್ಯಾಗಳಹಟ್ಟಿ ಮುಟ್ಟಿತು. ಹುಲಿಗೆಮ್ಮ ಕೂಗು ಹಾಕಿದಳು. ಮಕ್ಕಳು ಅತ್ತವು. ಬೇರೆ ಗಾಡಿಯ ಮಾತು ಡಾಕ್ಟರು ಮತ್ತೆ ಎತ್ತಲಿಲ್ಲ.

ತಪ್ಪು ನನ್ನದಲ್ಲವೆಂದು ತಿಳಿಯಿತಲ್ಲ, ಇನ್ನು ನನ್ನ ಜಾಗ ನನಗೆ ಎಂದುಕೊಂಡೆ. ಮೌಲಾಲಿ ಒಪ್ಪಲಿಲ್ಲ. "ಓಡಾಕತ್ತಿದ್ದನ್ನ ಯಾಕ ಬಿಚ್ಚತಿ? ಅದು ಚೀಲದಾಗ ಇರಲಿ ಬಿಡು, ಆಪತ್ತಿಗೆ ಆಗತೈತಿ" ಎಂದ. ಈಗ ಐದು ವರ್ಷ. ಆಪತ್ತು ಬಂದಿಲ್ಲ. ಆ ಹೊಸಬನೂ ಗಟ್ಟಿಗ, ಹಾಳಾದವನು.

ಮರು ಗುರುವಾರದ ಪೂಜೆ ಮಾತ್ರ ಮರೆಯಲಾರೆ. ಸ್ಟೇರಿಂಗು, ಬಾನೆಟ್ಟು, ಗಾಲಿ ಎಲ್ಲ ಮುಗಿಸಿ ಗಾದಿಲಿಂಗ ಮುಚ್ಚಳದ ಹತ್ತಿರ ಬಂದ. ಕೈ ಚಾಚಿದವನು ಹಿಂದಕ್ಕೆಳೆದುಕೊಂಡು ದೂರದಿಂದಲೇ ಮುಗಿದ. ಬೆರಳಿನಲ್ಲಿ ಗಂಧ ಉಳಿದಿತ್ತು. ಚೀಲ ಬಿಚ್ಚಿ ನನ್ನನ್ನು ಹೊರತೆಗೆದು ಪಂಚೆಯ ಅಂಚಿನಿಂದ ಒರೆಸಿದ. "ಸುಮ್‌ಸುಮ್ನ ನಿನ್ನ ಮ್ಯಾಲ ತಪ್ಪು ಹೊರಿಸಿದ್ನೆಪಾ. ಹೊಟ್ಟಿಗೆ ಹಾಕ್ಕೋ" ಎಂದು ಆ ಗಂಧವನ್ನು ಹಚ್ಚಿದ. ಎಲ್ಲಿಗೆ ಗೊತ್ತೇ? ನೇರವಾಗಿ ನಾನು ಡೀಸೆಲ್ ಕುಡಿಯುವ ಬಾಯಿಗೆ!

ಥೂ ನಿನ್ನ, ಇಷ್ಟಾದರೂ ಬುದ್ಧಿ ಬರಲಿಲ್ಲವಲ್ಲೋ ಎಂದು ತಲೆ ಚಚ್ಚಿಕೊಳ್ಳುವಂತಾಯಿತು. ಆದರೆ ಅವನ ಕಣ್ಣು ಒದ್ದೆಯಾಗಿತ್ತು. ಕೊಯಮತ್ತೂರಿನ ಆ ಹೆಂಗಸಿನ ನಂತರ ನನ್ನನ್ನು ಅಷ್ಟು ಮೆತ್ತಗೆ ಹಿಡಿದವನು ಅವನೊಬ್ಬನೇ. ಹೋಗಲಿ ಬಿಡು ಎಂದುಕೊಂಡೆ. ಅಂದಿನಿಂದ ಪ್ರತಿ ಗುರುವಾರ ನನ್ನ ಬಾಯಿಗೆ ಗಂಧ. ಈಗ ಅದು ಪೂರ್ತಿ ಮುಚ್ಚಿದೆ. ಇನ್ನು ನಾನು ಡೀಸೆಲ್ ಕುಡಿಯುವುದು ಸುಳ್ಳು.

ಆದರೂ ಹುಟ್ಟುಗುಣ ಎಲ್ಲಿ ಹೋಗುತ್ತದೆ? ಜೀಪು ಏಳನೆಯ ಕಿಲೋಮೀಟರಿನ ಏರಿಗೆ ಬಂದಾಗ ಚೀಲದೊಳಗೆ ನನ್ನ ಸ್ಪ್ರಿಂಗು ಬಿಗಿಯುತ್ತದೆ. ಎಳೆ, ತಳ್ಳು, ಎಳೆಯೋ ಹೊಸಬ, ಬಿಡಬೇಡವೋ ಎಂದು ನಾನೇ ಒದ್ದಾಡುತ್ತೇನೆ. ಏರು ಮುಗಿಯುತ್ತದೆ, ಎರಡನೆಯ ಹಳ್ಳ ದಾಟುತ್ತದೆ, ಎಂಜಿನ್ನು ನಿಲ್ಲುತ್ತದೆ. ಆಗಲೂ ನನಗೆ ನಂಬಿಕೆ ಬರುವುದಿಲ್ಲ. ಮೇಲಿನ ಕಟ್ಟೆಯ ಹತ್ತಿರ ಮೊದಲ ಮಗು ಕಿಟಾರನೆ ಅತ್ತ ಮೇಲೆಯೇ ನಾನು ಸುಮ್ಮನಾಗುವುದು.