ಮರದ ಮೇಲೆ ತೂಗುಹಾಕಿ ಬಂದ ಹೃದಯ

ತುಷಾಂತಿನಿ ಮತ್ತೆ ಅದೇ ಉತ್ತರ ಬರೆದಿದ್ದಳು. ‘ಕೋತಿಯ ಹೃದಯ ನಿಜವಾಗಿ ಎಲ್ಲಿತ್ತು?’ ಎಂಬ ಪ್ರಶ್ನೆಗೆ ಮುದ್ದಾದ ದುಂಡಗಿನ ಅಕ್ಷರದಲ್ಲಿ ‘ಮರದ ಮೇಲೆ’ ಅಂತ.

ಕೋತಿ ಮೊಸಳೆ ಕತೆ ಕೇಳದೆ ಬೆಳೆದವರು ಯಾರಿದ್ದಾರೆ? ಹೆಂಡತಿಯ ಮಾತು ಕೇಳಿಕೊಂಡು ಮೊಸಳೆ ತನ್ನ ಗೆಳೆಯ ಕೋತಿಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಹೊಳೆಗಿಳಿಯುತ್ತದೆ. ನಡುನೀರಿನಲ್ಲಿ ನಿಂತು, ನಿನ್ನ ಹೃದಯ ತಿನ್ನಬೇಕು ಅಂತ ನನ್ನವಳಿಗೆ ಆಸೆಯಾಗಿದೆ ಎನ್ನುತ್ತದೆ. ಅಯ್ಯೋ, ಮೊದಲೇ ಹೇಳಬಾರದಿತ್ತೇ, ಅದನ್ನು ಮರದ ಮೇಲೇ ತೂಗುಹಾಕಿ ಬಂದೆನಲ್ಲ, ವಾಪಸು ಕರೆದುಕೊಂಡು ಹೋಗು, ತಂದುಕೊಡುತ್ತೇನೆ ಎನ್ನುತ್ತದೆ ಕೋತಿ. ದಡ ಸಿಕ್ಕಿದ್ದೇ ತಡ, ಒಂದೇ ನೆಗೆತಕ್ಕೆ ಮರದ ತುದಿಯಲ್ಲಿರುತ್ತದೆ. ನಮ್ಮ ಐದನೇ ತರಗತಿಯವರ ತಮಿಳು ಅಭ್ಯಾಸದ ಹಾಳೆಯಲ್ಲಿ ಈ ಕತೆ ನಾನು ಕೆಲಸಕ್ಕೆ ಸೇರಿದಾಗಿನಿಂದಲೂ ಇದೆ. ಮಗು ಬರೀ ಓದುತ್ತಿದೆಯೋ, ಓದಿದ್ದು ಅರ್ಥವೂ ಆಗುತ್ತಿದೆಯೋ ಅಂತ ತಿಳಿಯಲು ಆ ಒಂದು ಪ್ರಶ್ನೆ ಸಾಕು.

“ಹೃದಯ ಅಂದ್ರೇನು ಒಣಗೋಕೆ ಹಾಕಿದ ಬನೀನೇನೇ, ಕೊಂಬೆಗೆ ನೇತುಹಾಕೋಕೆ?” ಅಂದೆ.

ತರಗತಿಯೆಲ್ಲ ಗೊಳ್ಳೆಂದಿತು. ತುಷಾ ನಗಲಿಲ್ಲ. “ಪಾಠದಲ್ಲೇ ಇದೆಯಲ್ಲ ಟೀಚರ್. ಉತ್ತರ ಪಾಠದೊಳಗೇ ಹುಡುಕಿ, ಹೊರಗಿಂದ ತರಬೇಡಿ ಅಂತ ನೀವೇ ಹೇಳಿದ್ದು.”

ಹೇಳಿದ್ದು ನಾನೇ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಸಂಬಳ ತಿಂದಿದ್ದೇನೆ. ಆದರೂ ಸಿಟ್ಟು ಬಂತು. ಉಳಿದ ಮಕ್ಕಳು ತಪ್ಪು ಬರೆದರೆ ನನಗೆ ಅಷ್ಟು ಉರಿಯುವುದಿಲ್ಲ, ಗೋರ್ಕಲ್ಲ ಮೇಲೆ ಮಳೆ ಅಂತ ಸುಮ್ಮನಾಗುತ್ತೇನೆ. ಇವಳು ಹಾಗಲ್ಲ. ನಮ್ಮ ಎಸ್ಟೇಟಿನ ಈ ಡಿವಿಷನ್ನಿನಿಂದ ಸ್ಕಾಲರ್‌ಶಿಪ್ ಪರೀಕ್ಷೆ ದಾಟಬಲ್ಲ ಮಗು ಅಂತ ಇದ್ದದ್ದು ಇವಳೊಬ್ಬಳೇ. ದಾಟಿದರೆ ಹ್ಯಾಟನ್ ಪೇಟೆಯ ದೊಡ್ಡ ಶಾಲೆ, ಹಾಸ್ಟೆಲ್ಲು. ಇಲ್ಲವಾದರೆ ಇದೇ ಗುಡ್ಡ, ಇದೇ ಚಹಾ ಚಿಗುರು, ಅದೂ ಬೇಡವೆಂದರೆ ಕೊಲಂಬೊದಲ್ಲಿ ಯಾರದೋ ಮನೆಯ ಮುಸುರೆ.

ಇವಳ ಅಮ್ಮ ಜಯಮಲರ್ ಕೂಡ ಇದೇ ಬೆಂಚಿನಲ್ಲಿ ಕೂತವಳು. ಅವಳಿಗೆ ಆ ಪ್ರಶ್ನೆ ಕೇಳಿ ಮುಗಿಸುವ ಮೊದಲೇ, “ಎದೇಲಿತ್ತು ಟೀಚರ್, ಕೋತಿ ಸುಳ್ಳು ಬಿಟ್ಟಿದ್ದು” ಅಂದುಬಿಟ್ಟಿದ್ದಳು. ಅಂಥವಳ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸುಳ್ಳೆಂಬುದೇ ಕಾಣಿಸುತ್ತಿಲ್ಲವಲ್ಲ ಅಂತ ನನಗೆ ಆಶ್ಚರ್ಯ. ಕಾರಣ ತಿಳಿದದ್ದು ಎಸ್ಟೇಟ್ ಕೂಲಿಯವರ ಸಾಲಿನಲ್ಲಿದ್ದ ತುಷಾಳ ಲೈನ್ ಮನೆಯ ಜಗಲಿಯಲ್ಲಿ ಕೂತು ಹಾಲಿಲ್ಲದ ಬರಿ ಚಹಾ ಕುಡಿಯುವಾಗ.

ಜಗಲಿಯ ಗೋಡೆಯಲ್ಲಿ ಜಯಮಲರ್ ಚಿಗುರು ಕೀಳುತ್ತಿದ್ದ ಬಿದಿರು ಬುಟ್ಟಿ ತೂಗುತ್ತಿತ್ತು. ನಮ್ಮ ಲೈನುಗಳಲ್ಲಿ ಹೊರದೇಶಕ್ಕೆ ದುಡಿಯಲು ಹೋದವಳ ಬುಟ್ಟಿಯನ್ನು ಮೊಳೆಯಿಂದ ಇಳಿಸುವುದಿಲ್ಲ. ಈಗ ಎಲ್ಲರೂ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಚಿಗುರು ಕೀಳುತ್ತಾರೆ, ಆದರೂ ಹೋಗುವವಳು ಒಂದು ಬುಟ್ಟಿ ತೂಗುಹಾಕಿಯೇ ಹೋಗಬೇಕು. ಪ್ರತಿ ದೀಪಾವಳಿಗೆ ಮನೆಯವರು ಅದಕ್ಕೆ ಕುಂಕುಮವಿಟ್ಟು ಹೊಸ ಹಗ್ಗ ಕಟ್ಟುತ್ತಾರೆ. ಬುಟ್ಟಿ ಇಳಿಯಿತೆಂದರೆ ಅವಳು ಬಂದಳು ಅಂತ ಅರ್ಥ, ಇಲ್ಲವೇ ಸತ್ತಳು ಅಂತ.

“ಅಮ್ಮ ಕುವೈತಿಗೆ ಹೋಗೋವಾಗ ಏನಂದ್ಳು ಗೊತ್ತಾ ಟೀಚರ್?” ಅಂದಳು ತುಷಾ. “ನನ್ನ ಹೃದಯಾನ ಈ ಬುಟ್ಟೀಲೇ ಇಟ್ಟು ಹೋಗ್ತಿದೀನಿ ಕಂದಾ, ಅದನ್ನ ಬಿಟ್ಟು ನಾನೆಲ್ಲಿರೋಕಾಗುತ್ತೆ, ಬಂದೇ ಬರ್ತೀನಿ ಅಂದ್ಳು. ನಾನು ಸ್ಕಾಲರ್‌ಶಿಪ್ ಪಾಸಾದ ದಿನಾನೇ ಬರ್ತಾಳಂತೆ. ಫೋನಲ್ಲೂ ಅದನ್ನೇ ಹೇಳ್ತಾಳೆ.”

ನಾನು ಚಹಾ ಲೋಟ ಕೆಳಗಿಟ್ಟೆ. ಒಳಗೆ ಅವಳ ಅಮ್ಮಾಯಿ, ಎಂದರೆ ಜಯಮಲರಳ ತಾಯಿ ಮುತ್ತಾಯಿ, ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು.

ಯಾಕೆಂದರೆ ಜಯಮಲರ್ ಕುವೈತಿನಲ್ಲಿರಲಿಲ್ಲ. ಅಲ್ಲಿಂದ ಯಾವಾಗಲೋ ಬಂದು, ಕಡಲ ದಡದ ಊರು ನೀರ್‌ಕೊಳುಂಬುವಿನಲ್ಲಿ ಮೀನು ವ್ಯಾಪಾರದವನೊಬ್ಬನ ಜೊತೆ ಸಂಸಾರ ಹೂಡಿದ್ದಳು. ನಮ್ಮ ಎಸ್ಟೇಟಿನ ವ್ಯಾನ್ ಡ್ರೈವರ್ ಅಲ್ಲಿ ಅವಳನ್ನು ನೋಡಿದ್ದ, ಕಂಕುಳಲ್ಲಿ ಕೂಸಿತ್ತಂತೆ. ಲೈನಿಗೆಲ್ಲ ಗೊತ್ತು, ತುಷಾ ಬಂದಳೆಂದರೆ ಎಲ್ಲರ ಬಾಯಿಗೂ ಬೀಗ. ಜಯಮಲರ್ ಹೋದದ್ದು ತಪ್ಪು ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಅವಳ ಗಂಡ ಕುಡಿದು ಮುರಿದಿಟ್ಟ ಕೈಗೆ ಸೆರಗು ಸುತ್ತಿ ಡಿಸ್ಪೆನ್ಸರಿಗೆ ಕರೆದೊಯ್ದವಳು ನಾನೇ. ಅವನು ಈಗ ಕೆಳಗಿನ ಲೈನಿನಲ್ಲಿ ತಮ್ಮನ ಮನೆಯ ಮೂಲೆಯಲ್ಲಿ ಬಿದ್ದಿರುತ್ತಾನೆ.

ಮರುದಿನ ಮುತ್ತಾಯಿ ಕೆಲಸಕ್ಕೆ ಚಕ್ಕರ್ ಹೊಡೆದು ಶಾಲೆಯ ಬಾಗಿಲಿಗೆ ಬಂದು ನಿಂತಳು.

“ಟೀಚರಮ್ಮಾ, ಆ ಕೋತಿ ಪ್ರಶ್ನೆ ಒಂದು ಬಿಟ್ಟುಬಿಡ್ರವ್ವ. ಮಿಕ್ಕಿದ್ದೆಲ್ಲ ಬರುತ್ತಲ್ಲ ಮಗೂಗೆ.”

“ಒಂದೇ ಪ್ರಶ್ನೆ ಅಲ್ಲ ಮುತ್ತಾಯಿ. ನರಿ ಬರಲಿ, ಕಾಗೆ ಬರಲಿ, ಕತೇಲಿ ಯಾರು ಏನು ಹೇಳಿದ್ರೂ ನಿಜ ಅಂತ ನಂಬ್ತಾಳೆ. ಹೀಗೇ ಹೋದ್ರೆ ಗೋತಾ.”

“ನಂಬ್ಕೊಂಡಿರ್ಲಿ ಬಿಡಿ. ನಂಬಿದ್ರಿಂದ ಯಾರ ಗಂಟು ಹೋಯ್ತು? ಒಂದ್ಸಲ ಗೊತ್ತಾದ್ಮೇಲೆ ಗೊತ್ತಿಲ್ದೆ ಇರೋ ಹಾಗೆ ಮಾಡೋಕೆ ನಿಮ್ಮ ಕೈಲಿ ಆಗುತ್ತಾ?”

“ಹಾಗಾದ್ರೆ ಅವಳೂ ನಿನ್ನ ಹಾಗೆ ಬೆನ್ನು ಬಗ್ಗಿಸಿ ಚಿಗುರು ಕೀಳ್ಲಿ, ಅದೇ ತಾನೇ ನಿಂಗೆ ಬೇಕಾಗಿರೋದು?”

ಮುದುಕಿ ಸೆರಗಿನಿಂದ ಮುಖ ಒರೆಸಿಕೊಂಡು ಹೋದಳು. ನಾನು ಗೆದ್ದೆ ಅಂದುಕೊಂಡು ಒಳಗೆ ಬಂದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ಹಟಕ್ಕೆ ಬಿದ್ದು ಕಲಿಸಿದೆ. ಕತೆಯಲ್ಲಿ ಯಾರಾದರೂ ಬಾಯಿಬಿಟ್ಟರೆ ಮೂರು ಕೇಳು ಅಂತ ಬೋರ್ಡಿನ ಮೇಲೆ ಬರೆದೆ. ಯಾರು ಹೇಳಿದ್ದು? ಯಾರಿಗೆ ಹೇಳಿದ್ದು? ಹೀಗೆ ಹೇಳಿದ್ದರಿಂದ ಹೇಳಿದವರಿಗೆ ಸಿಕ್ಕಿದ್ದೇನು? ಕಾಗೆಯ ಮೇಲೆ ಹಚ್ಚಿದೆವು, ನರಿಯ ಮೇಲೆ ಹಚ್ಚಿದೆವು. ತುಷಾ ಪೆನ್ಸಿಲಿನ ತುದಿ ಕಚ್ಚುತ್ತ ಎಲ್ಲವನ್ನೂ ನುಂಗಿಕೊಂಡಳು. ಮತ್ತೆ ಕೋತಿಯ ಹತ್ತಿರ ಬಂದೆವು.

“ಹೇಳಿದ್ದು ಕೋತಿ,” ಅಂದಳು. “ಮೊಸಳೆಗೆ ಹೇಳಿದ್ದು.”

“ಸರಿ. ಸಿಕ್ಕಿದ್ದೇನು?”

“ದಡ ಸಿಕ್ತು. ಮೊಸಳೆ ಬೆನ್ನಿಂದ ಇಳಿಯೋಕಾಯ್ತು.” ಹಾಳೆಯ ಮೇಲೆ ಬೆರಳಿಟ್ಟು ಆ ಸಾಲನ್ನು ಮತ್ತೆ ಓದಿದಳು. “ಹಾಗಾದ್ರೆ ಹೃದಯ ಮರದ ಮೇಲೆ ಇರಲೇ ಇಲ್ಲ. ತನ್ನ ಹತ್ರಾನೇ ಇತ್ತು. ತಗೊಂಡೇ ಹೋಯ್ತು.”

“ಭಲೇ!” ಅಂತ ಮೇಜು ಗುದ್ದಿದೆ. ಗುದ್ದಿದ ಕೈ ಅಲ್ಲೇ ಉಳಿಯಿತು. ಅವಳ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

ಮಧ್ಯಾಹ್ನ ಉಳಿದವರೆಲ್ಲ ಬನ್ ತಿನ್ನಲು ಓಡಿದರು. ಅವಳು ನನ್ನ ಮೇಜಿನ ಹತ್ತಿರ ಬಂದು ನಿಂತಳು.

“ಕೋತಿ ಮರ ಹತ್ತಿದ್ಮೇಲೆ ಮೊಸಳೆ ಕೆಳಗೆ ಎಷ್ಟು ಹೊತ್ತು ಕಾಯ್ತು ಟೀಚರ್?”

“ಅದು ಪಾಠದಲ್ಲಿ ಇಲ್ಲ.”

“ಅಮ್ಮ ಕೋತಿ ಆದ್ರೆ ನಾನು ಮೊಸಳೆನಾ?”

“ಬಿಡ್ತು ಅನ್ನು! ಮೊಸಳೆ ನಿಮ್ಮಪ್ಪ ಕಣೇ, ನೀನಲ್ಲ.”

“ಮರದ ಕೆಳಗೆ ಕಾಯ್ತಿರೋದು ನಾನಲ್ವಾ?”

ನಾನು ಮೇಜಿನ ಮೇಲಿನ ಹಾಳೆಗಳನ್ನು ಜೋಡಿಸಿಟ್ಟೆ. ಆಮೇಲೆ, “ಬರ್ತಾಳೆ ಕಂದಾ, ನಿಮ್ಮಮ್ಮ ಖಂಡಿತ ಬರ್ತಾಳೆ” ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಯಾರು ಹೇಳಿದ್ದು, ಯಾರಿಗೆ, ಯಾಕೆ ಅಂತ ಆ ಮಗು ನನ್ನನ್ನೂ ಓದುತ್ತಿತ್ತು. ನಾನು ಕಣ್ಣು ತಪ್ಪಿಸಿ ಡಸ್ಟರ್ ಹುಡುಕಿದೆ.

ಅಂದಿನಿಂದ ಅವಳು ಒಂದೂ ತಪ್ಪು ಬರೆಯಲಿಲ್ಲ. ಯಾವ ಕತೆ ಕೊಟ್ಟರೂ ಅದರ ಹೊಟ್ಟೆಯೊಳಗಿನ ಸುಳ್ಳನ್ನು ಎಳೆದು ಹೊರಗೆ ಹಾಕುತ್ತಿದ್ದಳು. ಅಷ್ಟು ಚೆನ್ನಾಗಿ ಬರೆದ ಹಾಳೆಗಳನ್ನು ತಿದ್ದುವಾಗ ನನಗೆ ಸಂತೋಷವಾಗಬೇಕಿತ್ತು, ಹೆದರಿಕೆಯಾಗುತ್ತಿತ್ತು. ಜಯಮಲರ್ ಫೋನ್ ಮಾಡಿದರೆ “ಹೂಂ ಅಮ್ಮ, ಪಾಸಾಗ್ತೀನಿ” ಅನ್ನುತ್ತಿದ್ದಳಂತೆ. ಮುತ್ತಾಯಿ ನನ್ನ ಜೊತೆ ಮಾತು ಬಿಟ್ಟಿದ್ದಳು.

ಪರೀಕ್ಷೆಯ ದಿನ ಅವಳಿಗೆ ಹೊಸ ರಿಬ್ಬನ್ ಕಟ್ಟಿ ನಾನೇ ಪರೀಕ್ಷೆಯ ಹಾಲ್‌ವರೆಗೆ ಬಿಟ್ಟು ಬಂದೆ. ಹೊರಗೆ ಬಂದವಳನ್ನು ಹೇಗಾಯಿತು ಅಂತ ಕೇಳಿದೆ. ಕೋತಿ ಕತೆಯ ಹಾಗೇ ಒಂದು ಕತೆ ಬಂದಿತ್ತು, ಸುಲಭ ಇತ್ತು ಅಂದಳು. ನಾನು ಹ್ಯಾಟನ್ನಿನ ಶಾಲೆಯ ಬಿಳಿ ಸಮವಸ್ತ್ರ ಎಲ್ಲಿ ಹೊಲಿಸುವುದು ಅಂತ ಕೂಡ ಯೋಚಿಸಿಟ್ಟೆ.

ದೀಪಾವಳಿಗೆ ಮೊದಲು ಫಲಿತಾಂಶ ಬಂತು. ತುಷಾಂತಿನಿ ಪಾಸಾಗಿರಲಿಲ್ಲ. ಸ್ವಲ್ಪದರಲ್ಲಿ ತಪ್ಪಿದ್ದೂ ಅಲ್ಲ, ಪೆದ್ದ ಅಂತ ನಾನು ಕೈಬಿಟ್ಟಿದ್ದ ಹುಡುಗರಿಗೂ ಅವಳಿಗಿಂತ ಹೆಚ್ಚು ಬಂದಿತ್ತು.

ತಪ್ಪು ಮಾಡಿರುತ್ತಾರೆ, ಬೇರೆ ಯಾರದೋ ಅಂಕ ಹಾಕಿರುತ್ತಾರೆ ಅಂತ ಬೈದುಕೊಳ್ಳುತ್ತ ಅವರ ಲೈನಿಗೆ ಏರಿದೆ. ಮುತ್ತಾಯಿ ಚಿಗುರು ಕೀಳಲು ಹೋಗಿದ್ದಳು. ತುಷಾ ಜಗಲಿಯಲ್ಲಿ ಸ್ಟೂಲಿನ ಮೇಲೆ ನಿಂತು ಬುಟ್ಟಿಗೆ ಹೊಸ ಹಗ್ಗ ಕಟ್ಟುತ್ತಿದ್ದಳು. ಬುಟ್ಟಿಗೆ ಆಗಲೇ ಕುಂಕುಮ ಇಟ್ಟಾಗಿತ್ತು.

“ಮತ್ತೊಮ್ಮೆ ನೋಡಿ ಅಂತ ಅರ್ಜಿ ಹಾಕೋಣ ಕಣೇ. ನಿನ್ನ ಪೇಪರು ಅದಲಾಬದಲಿ ಆಗಿರ್ಬೇಕು.”

“ಅದು ನನ್ನದೇ ಟೀಚರ್.”

“ಏನು ನಿನ್ನದೇ? ಎಲ್ಲಾ ಸುಲಭ ಇತ್ತು ಅಂದ್ಯಲ್ಲ!”

“ಸುಲಭಾನೇ ಇತ್ತು. ಹೆಸ್ರು, ನಂಬರು ಬರೆದು, ಒಂದೆರಡು ಮಾತ್ರ ಬರೆದೆ. ಮಿಕ್ಕಿದ್ದು ಬಿಟ್ಟೆ.”

“ಯಾಕೆ? ಯಾಕೆ ಹೀಗ್ಮಾಡ್ದೆ, ಪಾಪಿ?” ನಾನು ಅರಚಿದ್ದಕ್ಕೆ ಪಕ್ಕದ ಮನೆಯ ನಾಯಿ ಎದ್ದು ಬೊಗಳಿತು.

ಅವಳು ಅಳಲಿಲ್ಲ. ದಡ್ಡ ಮಗುವಿಗೆ ಪಾಠ ಬಿಡಿಸಿ ಹೇಳುವಾಗ ನಾನು ಹೇಗೆ ಹೇಳುತ್ತೇನೋ ಹಾಗೆ ನಿಧಾನವಾಗಿ ಹೇಳಿದಳು. “ಅಮ್ಮ, ನಾನು ಪಾಸಾದ ದಿನ ಬರ್ತೀನಿ ಅಂದಿದ್ದಾಳಲ್ಲ ಟೀಚರ್. ನಾನು ಪಾಸಾಗಿದ್ರೂ ಅವಳು ಬರ್ತಿರಲಿಲ್ಲ. ಆಗ ಅವಳು ಸುಳ್ಳು ಹೇಳಿದ ಹಾಗಾಗ್ತಿತ್ತು. ಈಗ ನಾನೇ ಪಾಸಾಗಿಲ್ಲ. ಅದಕ್ಕೇ ಬಂದಿಲ್ಲ.”

ಅವಳ ಉತ್ತರದಲ್ಲಿ ಎಲ್ಲಾದರೂ ಒಂದು ತಪ್ಪು ಸಿಗುತ್ತದೆಯೇ ಅಂತ ಹುಡುಕಿದೆ. ನಾನು ಕಲಿಸಿದ್ದು ಒಂದೂ ಬಿಟ್ಟುಹೋಗಿರಲಿಲ್ಲ. ಅಲ್ಲೇ ಜಗಲಿಯ ಕಟ್ಟೆಯ ಮೇಲೆ ಕುಸಿದು ಕೂತು, ಅವಳು ಅಳಬೇಕಾದದ್ದನ್ನೆಲ್ಲ ನಾನು ಅತ್ತೆ.

ಅವಳು ನನ್ನ ಅಳು ನಿಲ್ಲುವವರೆಗೆ ಹಗ್ಗ ಹಿಡಿದುಕೊಂಡು ಕಾದಳು. ಹಳೆಯ ಮೊಳೆ ಸಡಿಲವಾಗಿತ್ತು, ಹೊಸದನ್ನು ಇನ್ನೂ ಮೇಲಕ್ಕೆ ಹೊಡೆಯಬೇಕಿತ್ತು.

“ಟೀಚರ್, ಸ್ಟೂಲ್ ಅಲ್ಲಾಡ್ತಿದೆ, ಸ್ವಲ್ಪ ಹಿಡ್ಕೊಳ್ತೀರಾ?” ಅಂದಳು.

ಹಿಡಿದುಕೊಂಡೆ.